ಹಳೆಯ ಕಾರಿನೊಳಗೆ ಮಳೆನೀರು: ರಾಮನಗರ ಸೀಮೆಯಲ್ಲಿ ಸೋರಿಕೆಯ ಪತ್ತೆ ಮತ್ತು ದುರಸ್ತಿ

ಬಾಗಿಲು, ಗಾಜು ಎಲ್ಲ ಮುಚ್ಚಿದ್ದರೂ ಕಾರಿನೊಳಗೆ ಮಳೆನೀರು ಸೇರಿಕೊಳ್ಳುವ ದೋಷಕ್ಕೆ ಮಳೆನೀರು ಸೋರಿಕೆ ಎನ್ನುತ್ತಾರೆ. ಹತ್ತು ಹದಿನೈದು ವರ್ಷ ಓಡಿದ ಕಾರುಗಳಲ್ಲಿ ಇದು ಸಾಮಾನ್ಯ. ಕಾಲಡಿಯ ಮ್ಯಾಟು ಒದ್ದೆಯಾಗುವುದು, ಬೆಳಿಗ್ಗೆ ಗಾಜಿನ ಒಳಮೈಗೆ ಮಂಜು ಹಿಡಿಯುವುದು, ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಹೊಡೆಯುವುದು, ತಿರುವಿನಲ್ಲಿ ಬಾಗಿಲೊಳಗೋ ಡಿಕ್ಕಿಯಲ್ಲೋ ನೀರು ಕುಲುಕಿದ ಸದ್ದು ಕೇಳುವುದು ಇದರ ಲಕ್ಷಣಗಳು. ಎಲ್ಲೋ ತೂತು ಬಿದ್ದಿದೆ, ಅದನ್ನು ಹುಡುಕಿ ಮುಚ್ಚಿದರೆ ಸಾಕು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಕಾರಿನ ರಚನೆಯನ್ನು ನೋಡಿದರೆ ಈ ತಿಳಿವಳಿಕೆ ಅರ್ಧ ಮಾತ್ರ ಸರಿ. ಕಾರು ಮುಚ್ಚಿದ ಡಬ್ಬಿಯಲ್ಲ. ಬಾನೆಟ್ಟಿನ ಹಿಂದೆ, ಬಾಗಿಲೊಳಗೆ, ಚಾವಣಿಯ ಅಂಚಿನಲ್ಲಿ ನೀರು ಬರುತ್ತದೆ ಎಂದು ಒಪ್ಪಿಕೊಂಡೇ ಅದನ್ನು ಕಟ್ಟಿರುತ್ತಾರೆ. ಬಂದ ನೀರು ನೆಲಕ್ಕೆ ಇಳಿದುಹೋಗಲು ದಾರಿಗಳನ್ನೂ ಇಟ್ಟಿರುತ್ತಾರೆ. ಹಳೆಯ ಕಾರುಗಳ ಎಷ್ಟೋ ಸೋರಿಕೆಗಳು ಈ ದಾರಿಗಳು ಕಟ್ಟಿಕೊಂಡದ್ದರಿಂದ ಹುಟ್ಟುತ್ತವೆ. ಆದ್ದರಿಂದ ನೀರಿನ ದಾರಿಯನ್ನು ಮೊದಲು ಬಿಡಿಸಬೇಕು, ಸಂದನ್ನು ಆಮೇಲೆ ಮುಚ್ಚಬೇಕು. ಈ ಕ್ರಮ ತಲೆಕೆಳಗಾದಲ್ಲಿ ದುರಸ್ತಿ ನಿಲ್ಲುವುದಿಲ್ಲ.

ಪ್ರದೇಶ, ಮಳೆ, ವಾಹನಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಇದು ಮಲೆನಾಡಿನಂತೆ ತಿಂಗಳುಗಟ್ಟಲೆ ಮಳೆ ಹಿಡಿಯುವ ಸೀಮೆಯಲ್ಲ. ವರ್ಷಕ್ಕೆ ಸುಮಾರು 800ರಿಂದ 900 ಮಿಲಿಮೀಟರ್ ಮಳೆ. ಭರಣಿ, ಕೃತ್ತಿಕೆ ಮಳೆನಕ್ಷತ್ರಗಳ ಹೊತ್ತಿಗೆ ಗುಡುಗು ಸಿಡಿಲಿನೊಡನೆ ಒಂದು ಸುತ್ತು ಬರುತ್ತದೆ. ನಡುವೆ ಮೋಡ ಕಟ್ಟಿಯೂ ಕೈಕೊಡುವ ದಿನಗಳು. ಮತ್ತೆ ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅಂದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಜೋರು ಮಳೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಬಹುತೇಕ ಒಣ ಹವೆ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಕಾರು ಸೋರುವುದೂ ಕಡಿಮೆ ಎಂದುಕೊಳ್ಳುವುದು ಸಹಜ. ಆದರೆ ನಾಲ್ಕು ತಿಂಗಳ ಬಿಸಿಲಿಗೆ ಬಾಗಿಲ ರಬ್ಬರು ಗಟ್ಟಿಯಾಗಿ ತನ್ನ ಪುಟಿತವನ್ನು ಕಳೆದುಕೊಳ್ಳುತ್ತದೆ, ಗಾಜಿನ ಸುತ್ತಲ ಬೀಡಿಂಗು ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಅದೇ ಬಿಸಿಲಿಗೆ ಹೆದರಿ ಕಾರನ್ನು ಹೊಂಗೆ, ಹುಣಸೆ, ಬೇವಿನ ನೆರಳಿಗೆ ನಿಲ್ಲಿಸುತ್ತಾರೆ. ಹೊಂಗೆ ಹೂ ಬಿಟ್ಟು ಉದುರಿಸುವುದು ಮುಂಗಾರಿಗೆ ಸ್ವಲ್ಪ ಮುಂಚೆ; ಹುಣಸೆಯ ಕಿರುಎಲೆಗಳು ಯಾವ ಜಾಲರಿಯಲ್ಲೂ ನುಸುಳುವಷ್ಟು ಸಣ್ಣವು. ಹೀಗೆ ಒಣ ತಿಂಗಳುಗಳಲ್ಲಿ ರಬ್ಬರೂ ಸಾಯುತ್ತದೆ, ನೀರಿನ ದಾರಿಯೂ ಕಸದಿಂದ ತುಂಬುತ್ತದೆ. ಮೊದಲ ದೊಡ್ಡ ಮಳೆ ಒಂದು ಗಂಟೆ ಹುಯ್ದರೂ ಸಾಕು, ಎರಡೂ ದೋಷಗಳು ಒಟ್ಟಿಗೆ ಹೊರಬೀಳುತ್ತವೆ.

ಈ ಸೀಮೆಯಲ್ಲಿ ಹಳೆಯ ವಾಹನ ಚಟಕ್ಕಾಗಿ ಇಟ್ಟುಕೊಂಡ ವಸ್ತುವಲ್ಲ, ದುಡಿಮೆಯ ಸಾಧನ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿಯ ಕಾರ್ಖಾನೆ ಇರುವುದು ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ. 2000ರಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಅಲ್ಲಿಂದಲೇ ಮಾರುಕಟ್ಟೆಗೆ ಬಂದವು. 1983ರ ಕೊನೆಯಲ್ಲಿ ಶುರುವಾದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು, ಅದೇ ವರ್ಷ ಅಂಬಾಸಡರ್ ಕೂಡ ನಿಂತಿತು, ಓಮ್ನಿ 2019ರಲ್ಲಿ ನಿಂತಿತು. ತಯಾರಿಕೆ ನಿಂತರೂ ವಾಹನ ನಿಲ್ಲುವುದಿಲ್ಲ. ಆದರೆ ಅದಕ್ಕೆ ತಕ್ಕ ಬೀಡಿಂಗು, ಗ್ರಾಮೆಟ್ಟು, ಜಾಲರಿ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ. ಒದ್ದೆ ನೆಲದ ವ್ಯಾನಿನಲ್ಲಿ ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡು ತೇವ ಹಿಡಿದರೆ ನೂಲು ಬಿಚ್ಚುವಾಗ ತೊಂದರೆ ಕೊಡುತ್ತದೆ, ಬೆಲೆ ಇಳಿಯುತ್ತದೆ. ಚನ್ನಪಟ್ಟಣದ ಆಲೆಮರದ ಗೊಂಬೆಗೂ ತೇವ ಆಗದು. ಇಲ್ಲಿ ಸೋರುವ ವಾಹನ ಸವಾರನ ಕಾಲು ತೋಯಿಸುವುದಷ್ಟೇ ಅಲ್ಲ, ಸಂಪಾದನೆಯನ್ನೂ ತೋಯಿಸುತ್ತದೆ.

ಕಾರಿನಲ್ಲಿ ನೀರಿನ ದಾರಿಗಳು

ಅರ್ಕಾವತಿ, ಕಣ್ವ ನದಿಗಳ ಈ ಬಯಲಿನಲ್ಲಿ ಕೆರೆ ಕಂಡವರಿಗೆ ಕಾರಿನ ನೀರಿನ ವ್ಯವಸ್ಥೆಯನ್ನು ವಿವರಿಸುವುದು ಸುಲಭ. ಕೆರೆಗೆ ನೀರು ಬರುತ್ತದೆ, ತುಂಬುತ್ತದೆ, ಹೆಚ್ಚಾದದ್ದು ಕೋಡಿಯಲ್ಲಿ ಹರಿಯುತ್ತದೆ. ಕೋಡಿ ಮುಚ್ಚಿಹೋದರೆ ನೀರು ಏರಿಯ ಮೇಲೇ ದಾರಿ ಮಾಡಿಕೊಳ್ಳುತ್ತದೆ. ಕಾರಿನಲ್ಲಿ ಮುಖ್ಯವಾದ ಕೆರೆ ಇರುವುದು ಮುಂದಿನ ಗಾಜಿನ ಬುಡದಲ್ಲಿ, ವೈಪರುಗಳ ಕೆಳಗಿನ ಪ್ಲಾಸ್ಟಿಕ್ ಜಾಲರಿಯ ಅಡಿಯಲ್ಲಿ. ಗಾಜಿನ ಮೇಲೆ ಬಿದ್ದ ಮಳೆಯ ಬಹುಪಾಲು ಇಲ್ಲಿಗೇ ಇಳಿದು ಎರಡು ಬದಿಯ ರಂಧ್ರಗಳಿಂದ ಮುಂದಿನ ಚಕ್ರಗಳ ಹಿಂದೆ ನೆಲಕ್ಕೆ ಬೀಳುತ್ತದೆ. ಕಾರಿನೊಳಕ್ಕೆ ಗಾಳಿ ಎಳೆಯುವ ಬಾಯಿಯೂ ಇದೇ ಗುಂಡಿಯಲ್ಲಿದೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಎಲೆ, ಹೂ, ಧೂಳು ಕೊಳೆತು ಹೂಳು ಕಟ್ಟಿದರೆ ಮಟ್ಟ ಏರುತ್ತದೆ, ನೀರು ಗಾಳಿಯ ಬಾಯಿಂದ ಒಳಗೆ ಇಳಿಯುತ್ತದೆ. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಕಾರುಗಳಲ್ಲಿ ಬ್ಲೋವರ್ ಸಾಮಾನ್ಯವಾಗಿ ಎಡಗಡೆ ಡ್ಯಾಶ್‌ಬೋರ್ಡಿನ ಕೆಳಗಿರುವುದರಿಂದ ಹೀಗೆ ಬಂದ ನೀರು ಮುಂದಿನ ಎಡ ಸೀಟಿನವರ ಕಾಲಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಯಾವ ಭಾಗವೂ ಮುರಿದಿಲ್ಲ, ಯಾವ ರಬ್ಬರೂ ಹರಿದಿಲ್ಲ. ಕೋಡಿ ಮುಚ್ಚಿದೆ, ಅಷ್ಟೇ.

ಬಾಗಿಲಿನ ಕಥೆಯೂ ಹೀಗೆಯೇ. ಇಳಿಸುವ ಗಾಜಿನ ಹೊರಗೆ ಹಚ್ಚಿದ ರಬ್ಬರು ಪಟ್ಟಿ ನೀರನ್ನು ಒರೆಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಪ್ರತಿ ಮಳೆಯಲ್ಲೂ ಬಾಗಿಲಿನ ಟೊಳ್ಳಿನೊಳಕ್ಕೆ ನೀರು ಹೋಗುತ್ತದೆ, ಅದು ಹೊರಹೋಗಲೆಂದೇ ಕೆಳ ಅಂಚಿನಲ್ಲಿ ರಂಧ್ರಗಳಿವೆ. ಒಳಗಿನ ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದರ ಕೆಳ ಅಂಚು ಬಾಗಿಲಿನ ತಗಡಿನ ಒಳಕ್ಕೆ ಮಡಚಿಕೊಂಡಿರಬೇಕು. ಹಾಗಿದ್ದರೆ ಹಾಳೆಯ ಮೇಲೆ ಸಿಡಿದ ಹನಿ ಜಾರಿ ಟೊಳ್ಳಿಗೇ ಬೀಳುತ್ತದೆ. ಪವರ್ ವಿಂಡೋ ಹಾಕಿಸುವಾಗಲೋ ಸ್ಪೀಕರ್ ಕೂರಿಸುವಾಗಲೋ ಈ ಹಾಳೆಯನ್ನು ಕಿತ್ತು, ಕೆಲಸಕ್ಕೆ ಬಾರದ ವಸ್ತುವೆಂದು ಬಿಸಾಡುವುದುಂಟು. ಆಮೇಲೆ ನೀರು ಪ್ಯಾಡಿನ ಹಿಂಬದಿಯಿಂದ ಇಳಿದು ಹೊಸ್ತಿಲು ದಾಟಿ ಮ್ಯಾಟಿನ ಕೆಳಗೆ ಸೇರುತ್ತದೆ. ಬಾಗಿಲಿನ ಸುತ್ತಲ ಬೀಡಿಂಗನ್ನು ಎಷ್ಟು ಸಲ ಬದಲಿಸಿದರೂ ಈ ಸೋರಿಕೆ ನಿಲ್ಲುವುದಿಲ್ಲ, ಏಕೆಂದರೆ ನೀರು ಆ ಬೀಡಿಂಗಿನ ಹತ್ತಿರ ಹೋಗುತ್ತಲೇ ಇಲ್ಲ.

ಇನ್ನುಳಿದ ದಾರಿಗಳು ನಿಜವಾದ ಸಂದುಗಳು. ಅಂಬಾಸಡರ್, ಪದ್ಮಿನಿ, ಓಮ್ನಿಯಂಥ ವಾಹನಗಳಲ್ಲಿ ಮುಂದಿನ ಗಾಜು ರಬ್ಬರು ಚೌಕಟ್ಟಿನಲ್ಲಿ ಕೂತಿರುತ್ತದೆ. ಆ ರಬ್ಬರಿನ ಮೂಲೆಗಳು ಮೊದಲು ಬಿರಿಯುತ್ತವೆ. ನಂತರದ ಕಾರುಗಳಲ್ಲಿ ಗಾಜನ್ನು ತಗಡಿಗೆ ಪಾಲಿಯುರೇಥೇನ್ ಅಂಟಿನಿಂದ ಅಂಟಿಸುತ್ತಾರೆ. ಒಮ್ಮೆ ಗಾಜು ಬದಲಿಸಿದ್ದರೆ, ಹಳೆಯ ಅಂಟು ಕೆರೆಯುವಾಗ ಗೀರಿದ ತಗಡು ತುಕ್ಕು ಹಿಡಿದು ಅಂಟನ್ನು ಎಬ್ಬಿಸಿರಬಹುದು. ಚಾವಣಿಯ ಎರಡು ಅಂಚಿನ ಬೆಸುಗೆ ಗೀಟು, ಕ್ಯಾರಿಯರ್ ಕೂರಿಸಲು ಕೊರೆದ ಬೋಲ್ಟಿನ ತೂತು, ರೇಡಿಯೋ ಆಂಟೆನಾದ ಬುಡ, ಹಿಂದಿನ ದೀಪದ ಹಿಂಬದಿಯ ರಬ್ಬರು, ಡಿಕ್ಕಿಯ ಬೀಡಿಂಗು, ವೈರುಗಳು ತಗಡು ದಾಟುವ ಕಡೆಯ ಗ್ರಾಮೆಟ್ಟು, ಕೊನೆಗೆ ನೆಲದ ತುಕ್ಕಿನ ತೂತು ಈ ಪಟ್ಟಿಯಲ್ಲಿವೆ. ಸ್ಟೆಪ್ನಿ ಚಕ್ರ ಇಡುವ ಗುಂಡಿಯಲ್ಲಿ ನೀರು ನಿಂತಿದ್ದರೆ ಮೊದಲು ದೀಪಗಳ ರಬ್ಬರನ್ನು ಅನುಮಾನಿಸುವುದು ಲೇಸು.

ಪತ್ತೆಯ ವಿಧಾನ

ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಒಂದು ಕಡೆ, ಹನಿ ಬೀಳುವ ಜಾಗ ಇನ್ನೊಂದು ಕಡೆ. ನಡುವೆ ನೀರು ರೀಪಿನ ಮೇಲೆ ಹರಿದು ಬಂದಿರುತ್ತದೆ. ಕಾರಿನಲ್ಲೂ ನೀರು ನಿಂತ ಜಾಗ ನೀರು ಹೊಕ್ಕ ಜಾಗವಲ್ಲ. ಆದ್ದರಿಂದ ಪತ್ತೆ ಶುರುವಾಗಬೇಕಾದದ್ದು ಒಣಗಿಸುವುದರಿಂದ. ಮ್ಯಾಟು, ಕಾರ್ಪೆಟ್ಟು ಎತ್ತಿ ನೆಲವನ್ನು ಪೂರ್ತಿ ಒಣಗಿಸದೆ ಪರೀಕ್ಷೆಗೆ ಇಳಿದರೆ ಹಳೆಯ ನೀರಿಗೂ ಹೊಸ ನೀರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಒಣಗಿಸುವ ಮುಂಚೆ ಆ ನೀರನ್ನೇ ಒಮ್ಮೆ ಗಮನಿಸಬೇಕು. ಅಂಟಂಟಾಗಿ, ಬಣ್ಣವಾಗಿ, ಸಿಹಿ ವಾಸನೆ ಇದ್ದರೆ ಅದು ಮಳೆಯಲ್ಲ, ಹೀಟರಿನಿಂದ ಸೋರಿದ ಕೂಲೆಂಟ್. ಮಳೆ ಇಲ್ಲದ ದಿನವೂ ಏಸಿ ಹಾಕಿಕೊಂಡು ಓಡಿದ ಮೇಲೆ ತಿಳಿನೀರು ಎಡಗಡೆ ಕಾಲಡಿಯಲ್ಲಿ ಬಂದರೆ ಏಸಿಯ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿದೆ. ಕೆಸರು, ಎಲೆಯ ಚೂರು ಇದ್ದರೆ ಗಾಜಿನ ಬುಡದ ಗುಂಡಿಯ ಕಡೆ ನೋಡಬೇಕು. ಈ ಒಂದು ನಿಮಿಷದ ಪರಿಶೀಲನೆ ಒಂದು ದಿನದ ವ್ಯರ್ಥ ಕೆಲಸವನ್ನು ಉಳಿಸುತ್ತದೆ.

ಎರಡನೆಯ ಹೆಜ್ಜೆಗೆ ಒಂದು ಚೊಂಬು ನೀರು ಸಾಕು. ಬಾನೆಟ್ಟು ತೆರೆದು ವೈಪರಿನ ಕೆಳಗಿನ ಜಾಲರಿಯ ಬಲತುದಿಗೆ ಒಂದು ಚೊಂಬು, ಎಡತುದಿಗೆ ಒಂದು ಚೊಂಬು ನೀರು ಹುಯ್ದು ಕಾರಿನ ಕೆಳಗೆ ನೋಡಬೇಕು. ಕೆಲವೇ ಕ್ಷಣಗಳಲ್ಲಿ ಆಯಾ ಬದಿಯ ಚಕ್ರದ ಹಿಂದೆ ನೀರು ಧಾರೆಯಾಗಿ ಬಿದ್ದರೆ ದಾರಿ ಸರಿಯಿದೆ. ತೊಟ್ಟಿಕ್ಕಿದರೆ ಅಥವಾ ಬೀಳದೇ ಇದ್ದರೆ ಹೂಳು ತುಂಬಿದೆ. ಬಾಗಿಲುಗಳಿಗೂ ಹೀಗೆಯೇ: ಗಾಜಿನ ಬುಡಕ್ಕೆ ನೀರು ಹುಯ್ದು ಬಾಗಿಲಿನ ಕೆಳ ಅಂಚಿನಿಂದ ಅದು ಹೊರಬರುವುದನ್ನು ನೋಡಬೇಕು. ದಾರಿಗಳು ಸರಿಯಿವೆ ಎಂದು ಗೊತ್ತಾದ ಮೇಲೆಯೇ ಸಂದುಗಳ ಪರೀಕ್ಷೆ. ಬಾಗಿಲಿನ ರಬ್ಬರಿಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ ಸುತ್ತಲೂ ಒಂದೇ ಬಿಗಿ ಇರಬೇಕು; ಸರಾಗವಾಗಿ ಜಾರಿ ಬಂದ ಕಡೆ ರಬ್ಬರು ಸತ್ತಿದೆ ಅಥವಾ ಹಿಂಜು ಇಳಿದು ಬಾಗಿಲು ಓರೆಯಾಗಿದೆ. ಹೊಸ್ತಿಲಿನ ಮೇಲೆ ಚಾಕ್‌ಪೀಸಿನ ಪುಡಿ ಉದುರಿಸಿಟ್ಟರೆ ನೀರು ಬಂದ ಕಡೆ ಪುಡಿಯಲ್ಲಿ ಗೆರೆ ಬೀಳುತ್ತದೆ, ಆ ಗೆರೆಯನ್ನು ಹಿಡಿದು ಮೇಲಕ್ಕೆ ಹೋಗಬಹುದು.

ಪೈಪಿನಿಂದ ನೀರು ಬಿಡುವ ಪರೀಕ್ಷೆಗೆ ಎರಡು ಜನ ಬೇಕು: ಹೊರಗೆ ಪೈಪು ಹಿಡಿದವರು ಒಬ್ಬರು, ಒಳಗೆ ಟಾರ್ಚು ಹಿಡಿದವರು ಇನ್ನೊಬ್ಬರು. ನೀರು ಕೆಳಗಿನಿಂದ ಶುರುವಾಗಿ ಮೇಲಕ್ಕೆ ಹೋಗಬೇಕು. ಮೊದಲೇ ಚಾವಣಿಗೆ ಬಿಟ್ಟರೆ ನೀರು ಎಲ್ಲ ಸಂದುಗಳನ್ನೂ ತೋಯಿಸಿಕೊಂಡು ಇಳಿಯುತ್ತದೆ, ಯಾವುದು ತಪ್ಪಿತಸ್ಥ ಎಂದು ಹೇಳಲಾಗುವುದಿಲ್ಲ. ಒಂದೊಂದು ಜಾಗಕ್ಕೂ ಕೆಲವು ನಿಮಿಷ ಕೊಡಬೇಕು, ಏಕೆಂದರೆ ಒಳಗಿನ ಸುತ್ತುದಾರಿ ದಾಟಿ ಹನಿ ಕಾಣಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ವಾಟರ್ ಸರ್ವೀಸಿನ ಪ್ರೆಷರ್ ಪಂಪಿನಿಂದ ಈ ಪರೀಕ್ಷೆ ಬೇಗ ಮುಗಿಯುತ್ತದೆ ಎಂಬ ವಾದವಿದೆ. ಆದರೆ ಆ ರಭಸಕ್ಕೆ ಸರಿಯಿರುವ ರಬ್ಬರೂ ನೀರು ಬಿಡುತ್ತದೆ. ಮಳೆಯಲ್ಲಿ ಎಂದೂ ಸೋರದ ಸಂದನ್ನು ದುರಸ್ತಿ ಮಾಡಿಸಿ, ನಿಜವಾಗಿ ಸೋರುವುದನ್ನು ಹಾಗೇ ಬಿಟ್ಟಂತಾಗುತ್ತದೆ. ನೀರಿಲ್ಲದೆ ಮಾಡುವ ಪರೀಕ್ಷೆಯೂ ಒಂದಿದೆ: ಗಾಜು ಬಾಗಿಲು ಮುಚ್ಚಿ, ಹೊರಗಾಳಿ ಎಳೆಯುವಂತೆ ಇಟ್ಟು ಬ್ಲೋವರನ್ನು ಪೂರ್ತಿ ವೇಗದಲ್ಲಿ ಓಡಿಸಿ, ಹೊರಗಿನ ಸಂದುಗಳಿಗೆ ಸೋಪಿನ ನೀರು ಹಚ್ಚಿದರೆ ಗಾಳಿ ಹೊರಬರುವ ಕಡೆ ಗುಳ್ಳೆ ಏಳುತ್ತದೆ. ಪಂಚರ್ ಅಂಗಡಿಯಲ್ಲಿ ಟ್ಯೂಬು ನೋಡುವ ಕ್ರಮವೇ ಇದು, ಪ್ರಮಾಣ ಮಾತ್ರ ದೊಡ್ಡದು.

ದುರಸ್ತಿ

ಗಾಜಿನ ಬುಡದ ಜಾಲರಿಯನ್ನು ಬಿಚ್ಚಿ, ಕೊಳೆತ ಎಲೆಯನ್ನು ಕೈಯಿಂದಲೇ ಎತ್ತಿ, ರಂಧ್ರಗಳಿಗೆ ಮೆತ್ತನೆಯ ನೈಲಾನ್ ತಂತಿ ಆಡಿಸಿದರೆ ಮುಖ್ಯ ಕೋಡಿ ತೆರೆಯುತ್ತದೆ. ಪೈಪು ಇರುವ ಕಡೆ ಏರ್ ಪ್ರೆಷರ್ ಹೊಡೆಯಬಾರದು. ಹಳೆಯ ಪೈಪು ಒಳಗೇ ಕಳಚಿಕೊಂಡರೆ ನೀರು ನೇರ ಕಾರಿನೊಳಕ್ಕೆ ಇಳಿಯುತ್ತದೆ. ಬಾಗಿಲಿನ ಹಾಳೆ ಹೋಗಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಒಣಗಿ ಗಟ್ಟಿಯಾಗದ ಬ್ಯುಟೈಲ್ ಟೇಪಿನಿಂದ ಅಂಟಿಸಿ, ಕೆಳ ಅಂಚನ್ನು ತಗಡಿನ ಒಳಕ್ಕೆ ಮಡಚಬೇಕು. ಬಾಗಿಲು ಓರೆಯಾಗಿದ್ದರೆ ಹಿಂಜು ಮತ್ತು ಲಾಕಿನ ಕೊಂಡಿ ಸರಿಪಡಿಸದೆ ಹೊಸ ರಬ್ಬರು ಹಾಕಿಸುವುದು ದುಡ್ಡು ದಂಡ. ರಬ್ಬರು ಚೌಕಟ್ಟಿನ ಗಾಜಿಗೆ, ರಬ್ಬರು ಇನ್ನೂ ಮೆತ್ತಗಿದ್ದರೆ, ಅಂಚನ್ನು ಎತ್ತಿ ಗಟ್ಟಿಯಾಗದ ಗಾಜಿನ ಸೀಲೆಂಟ್ ತುಂಬಬಹುದು. ಬಿರಿದಿದ್ದರೆ ರಬ್ಬರನ್ನೇ ಬದಲಿಸಬೇಕು. ಅಂಟಿಸಿದ ಗಾಜು ಸೋರಿದರೆ ಗಾಜು ಬಿಡಿಸಿ, ತುಕ್ಕು ಕೆರೆದು, ಪ್ರೈಮರ್ ಹೊಡೆದು, ಪಾಲಿಯುರೇಥೇನ್ ಅಂಟಿನಿಂದ ಮತ್ತೆ ಕೂರಿಸುವುದೇ ಸರಿಯಾದ ಕ್ರಮ. ಅಪಘಾತದಲ್ಲಿ ಗಾಜು ತನ್ನ ಜಾಗದಲ್ಲಿ ನಿಲ್ಲುವುದೂ ಈ ಅಂಟಿನ ಬಲದ ಮೇಲೆ ನಿಂತಿರುವುದರಿಂದ ಇಲ್ಲಿ ಅಡ್ಡದಾರಿ ಸಲ್ಲದು.

ಸೋರಿಕೆ ನಿಂತ ಮೇಲೆ ಒಣಗಿಸುವುದು ದುರಸ್ತಿಯ ಕೊನೆಯ ಭಾಗ, ಮತ್ತು ಹೆಚ್ಚು ಜನ ಕೈಬಿಡುವ ಭಾಗ. ಗಾಜು ಇಳಿಸಿ ಎರಡು ದಿನ ಬಿಸಿಲಲ್ಲಿ ನಿಲ್ಲಿಸಿದರೆ ಸಾಕೆಂಬ ಮಾತು ಕೇಳಿಬರುತ್ತದೆ. ಕಾರ್ಪೆಟ್ಟಿನ ಮೇಲ್ಮೈ ಎರಡು ದಿನದಲ್ಲಿ ಒಣಗುವುದು ನಿಜ. ಅದರ ಕೆಳಗಿನ ದಪ್ಪ ಫೋಮು ಮಾತ್ರ ನೀರು ಹೀರಿಕೊಂಡ ಸ್ಪಂಜಿನಂತೆ ವಾರಗಟ್ಟಲೆ ತಗಡಿಗೆ ಅಂಟಿಕೊಂಡಿರುತ್ತದೆ. ಮುಗ್ಗಲು, ನೆಲದ ತುಕ್ಕು, ಸೀಟಿನ ಕೆಳಗಿನ ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಎಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಸೀಟು ಬಿಚ್ಚಿ, ಕಾರ್ಪೆಟ್ಟನ್ನು ಹೊರತೆಗೆದು ತಂತಿಯ ಮೇಲೆ ಹಾಕಿ ಒಣಗಿಸಬೇಕು; ಏರ್‌ಬ್ಯಾಗ್ ಇರುವ ಕಾರಾದರೆ ಸೀಟಿನ ಕನೆಕ್ಟರ್ ಮುಟ್ಟುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಸ್ವಲ್ಪ ಹೊತ್ತು ಕಾಯಬೇಕು. ತುಕ್ಕು ಕಂಡ ಕಡೆ ಕೆರೆದು ಪ್ರೈಮರ್, ಬಣ್ಣ ಹಚ್ಚಬೇಕು. ನೆಲದ ಗಟ್ಟಿತನಕ್ಕೆ ಕಾನೂನಿನ ಮುಖವೂ ಇದೆ: ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಲು ವಾಹನದ ಯೋಗ್ಯತಾ ಪರೀಕ್ಷೆಯ ಪ್ರಮಾಣಪತ್ರವಾದ ಎಫ್‌ಸಿ ಬೇಕು. ರಾಮನಗರದ ಕೆಎ 42 ಫಲಕದ ಹಳೆಯ ಕಾರು ಆ ಪರೀಕ್ಷೆಗೆ ನಿಲ್ಲುವಾಗ ನೆಲದ ತಗಡು ಗಟ್ಟಿಯಾಗಿರಬೇಕು.

ಆಕ್ಷೇಪಗಳು

ಈ ಕ್ರಮಕ್ಕೆ ಬರುವ ಮೊದಲ ಆಕ್ಷೇಪ ಸಿಲಿಕೋನಿನದು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಟ್ಯೂಬು ತಂದು ಗಾಜಿನ ಸುತ್ತ ಎಳೆದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಎಷ್ಟೋ ಕಾರುಗಳು ಹಾಗೆಯೇ ಓಡುತ್ತಿವೆ, ಮತ್ತೇಕೆ ಇಷ್ಟು ಪಾಡು ಎಂಬುದು ಪ್ರಶ್ನೆ. ಸಣ್ಣ ಸಂದಿಗೆ ಸಿಲಿಕೋನ್ ಒಂದೆರಡು ಮಳೆಗಾಲ ನಿಲ್ಲಬಹುದು ಎಂಬುದನ್ನು ಒಪ್ಪಬೇಕು. ಆದರೆ ವಿನೆಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಬಣ್ಣವಿಲ್ಲದ ತಗಡಿಗೆ ತುಕ್ಕು ಹಿಡಿಸುತ್ತದೆ. ಒಮ್ಮೆ ಹಚ್ಚಿದ ಮೇಲೆ ಅದರ ಅಂಶ ಉಳಿದ ಕಡೆ ಬಣ್ಣವೂ ಹಿಡಿಯುವುದಿಲ್ಲ, ಸರಿಯಾದ ಅಂಟೂ ಹಿಡಿಯುವುದಿಲ್ಲ. ಮುಂದಿನ ದುರಸ್ತಿ ಕಷ್ಟವಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಎಲ್ಲಿ ಸಂದು ಕಂಡರೂ ತುಂಬುವ ಉತ್ಸಾಹದಲ್ಲಿ ಬಾಗಿಲಿನ ಕೆಳ ರಂಧ್ರವನ್ನೂ ಮುಚ್ಚಿಬಿಡುವುದು. ಆಗ ಬಾಗಿಲು ನೀರಿನ ತೊಟ್ಟಿಯಾಗಿ ಒಳಗಿನಿಂದ ಕೊಳೆಯುತ್ತದೆ. ನೀರನ್ನು ತಡೆಯಲು ಹೋಗಿ ಕೂಡಿಹಾಕಿದಂತಾಗುತ್ತದೆ.

ಎರಡನೆಯ ಆಕ್ಷೇಪ ಲೆಕ್ಕದ್ದು: ಹಳೆಯ ಕಾರಿಗೆ ಇಷ್ಟು ಖರ್ಚು ತಕ್ಕುದೇ? ಗಾಜು ಬಿಡಿಸಿ ಕೂರಿಸುವುದಕ್ಕೆ, ನೆಲಕ್ಕೆ ಟಿಂಕರಿಂಗ್ ಮಾಡಿಸುವುದಕ್ಕೆ ಈ ಪ್ರಶ್ನೆ ನ್ಯಾಯವಾದದ್ದು. ನೆಲ ಪೂರ್ತಿ ತಿಂದುಹೋಗಿದ್ದರೆ ಗುಜರಿಯೇ ಸರಿಯಾದ ಉತ್ತರವಿರಬಹುದು. ಆದರೆ ದಾರಿ ಬಿಡಿಸುವುದಕ್ಕೆ ಬೇಕಾದದ್ದು ಸ್ಕ್ರೂಡ್ರೈವರ್, ನೈಲಾನ್ ತಂತಿ, ಒಂದು ಬೆಳಗಿನ ಹೊತ್ತು. ಮೊದಲು ಅಗ್ಗದ ಕೆಲಸ, ಆಮೇಲೆ ದುಬಾರಿ ಕೆಲಸ ಎಂಬ ಕ್ರಮ ಹಳೆಯ ಕಾರಿಗೇ ಹೆಚ್ಚು ಒಪ್ಪುತ್ತದೆ. ವಿಮೆ ನೋಡಿಕೊಳ್ಳುತ್ತದೆ ಎಂಬ ಭರವಸೆಯೂ ಇಲ್ಲಿ ಕೆಲಸಕ್ಕೆ ಬಾರದು. ವಾಹನ ವಿಮೆ ನೆರೆಯಂಥ ಆಕಸ್ಮಿಕಕ್ಕೆ ಹಣ ಕೊಡುತ್ತದೆ. ಸವೆತದಿಂದ, ಹಳತಾದದ್ದರಿಂದ ಆದ ಹಾನಿಯನ್ನು ಹೊರಗಿಡುತ್ತದೆ. ನಿಧಾನವಾಗಿ ಸೋರಿದ ಕಾರು ಈ ಎರಡನೆಯ ಸಾಲಿಗೆ ಸೇರುತ್ತದೆ.

ಸೋರಿಕೆ ಮತ್ತು ನೆರೆ

2022ರ ಆಗಸ್ಟ್ ಕೊನೆಯ ಮಳೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಕೆರೆಯಂತಾಗಿ ವಾಹನಗಳು ನೀರಿನಲ್ಲಿ ಸಿಕ್ಕಿಕೊಂಡವು. 2023ರ ಮಾರ್ಚ್ 12ರಂದು ಹೊಸ ಹೆದ್ದಾರಿಯ ಉದ್ಘಾಟನೆಯಾಗಿ ವಾರ ಕಳೆಯುವುದರೊಳಗೆ ಸಂಗಬಸವನದೊಡ್ಡಿಯ ಬಳಿಯ ಕೆಳಸೇತುವೆಯಲ್ಲಿ ಮತ್ತೆ ನೀರು ನಿಂತಿತು. ಹೀಗೆ ಮುಳುಗಿದ ಕಾರು ಬೇರೆಯೇ ಪ್ರಕರಣ. ಅದರ ಎಂಜಿನನ್ನು ಸ್ಟಾರ್ಟ್ ಮಾಡಲು ಯತ್ನಿಸಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಬಿಚ್ಚಿ, ಎಳೆಸಿಕೊಂಡು ಹೋಗಿ, ಎಣ್ಣೆಗಳನ್ನೆಲ್ಲ ಪರೀಕ್ಷಿಸಬೇಕು. ಆದರೂ ಹೆದ್ದಾರಿಗೂ ಹಳೆಯ ಕಾರಿಗೂ ಅನ್ವಯವಾಗುವ ತಿಳಿವಳಿಕೆ ಒಂದೇ: ಬರುವ ನೀರಿಗೆ ಹೋಗುವ ದಾರಿ ಇಲ್ಲದಿದ್ದರೆ ಅದು ಇರುವ ಜಾಗದಲ್ಲೇ ನಿಲ್ಲುತ್ತದೆ, ರಸ್ತೆ ಎಷ್ಟೇ ಹೊಸದಾಗಿರಲಿ, ರಬ್ಬರು ಎಷ್ಟೇ ಬಿಗಿಯಾಗಿರಲಿ.

ಕೆರೆಯ ಹೂಳನ್ನು ಮಳೆಗೆ ಮುಂಚೆ ಎತ್ತುವಂತೆ ಕಾರಿಗೂ ವರ್ಷಕ್ಕೆ ಎರಡು ಸರದಿ ಬೇಕು: ಹೊಂಗೆ ಹೂ ಉದುರಿ ಮುಗಿದು ಭರಣಿ, ಕೃತ್ತಿಕೆಯ ಮಳೆ ಹಿಡಿಯುವ ಹೊತ್ತಿಗೆ ಒಂದು, ಉತ್ತರೆ ಮಳೆ ಹುಟ್ಟುವ ಮುನ್ನ ಇನ್ನೊಂದು. ಕೆಲಸ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಕಾರಿನೊಳಗೆ ಒಣಗಿದೆಯೇ ಎಂದಷ್ಟೇ ನೋಡಿದರೆ ಸಾಲದು. ಗಾಜಿನ ಬುಡಕ್ಕೆ ಒಂದು ಚೊಂಬು ನೀರು ಹುಯ್ದು ಬಗ್ಗಿ ನೋಡಬೇಕು. ಹುಯ್ದ ನೀರೆಲ್ಲ ಚಕ್ರದ ಹಿಂದೆ ಮಣ್ಣಿಗೆ ಬಿದ್ದಿದ್ದರೆ ಆ ಕಾರು ಮಳೆಗೆ ಸಿದ್ಧ.